ಭುಜದ ಹಲಗೆ ಮುರಿದಾಗ: ಎರಡು ಆಸ್ಪತ್ರೆ, ಒಂದು ಸ್ಲಿಂಗ್, ಹದಿನಾಲ್ಕು ವಾರದ ಫಿಸಿಯೋ

ಮೊದಲೇ ಹೇಳಿಬಿಡುತ್ತೇನೆ, ನನಗೆ ಆಪರೇಷನ್ ಆಗಲಿಲ್ಲ. ಆಗಲೇಬೇಕು ಎಂದು ಒಂದು ಕಡೆ ಹೇಳಿದರು, ಬೇಡ ಎಂದು ಇನ್ನೊಂದು ಕಡೆ ಹೇಳಿದರು, ಬೇಡ ಎಂದವರ ಮಾತು ಕೇಳಿದೆ. ಇವತ್ತಿಗೆ ಎಂಟು ತಿಂಗಳಾಯಿತು. ಕೈ ತಲೆಯ ಮೇಲೆ ಹೋಗುತ್ತದೆ, ಬೆನ್ನ ಹಿಂದೆಯೂ ಹೋಗುತ್ತದೆ. ಹಾಗಂತ ಈ ರಿವ್ಯೂ ಓದಿ ಯಾರೂ ಆಪರೇಷನ್ ಬೇಡ ಎಂದು ತೀರ್ಮಾನ ಮಾಡಬೇಡಿ. ನನ್ನ ಜೊತೆ ಫಿಸಿಯೋಗೆ ಬರುತ್ತಿದ್ದ ಒಬ್ಬರಿಗೆ ಮುರಿದಿದ್ದು ಇದೇ ಮೂಳೆ, ಅವರಿಗೆ ಪ್ಲೇಟ್ ಹಾಕಿದ್ದರು, ಹಾಕದೇ ಇದ್ದಿದ್ದರೆ ಅವರ ಕೀಲು ಕೆಡುತ್ತಿತ್ತು. ಇಬ್ಬರದನ್ನೂ ಬರೆಯುತ್ತೇನೆ. ನನಗೆ ಏಟು ಬಿದ್ದ ವಾರ ಹೀಗೆ ಯಾರಾದರೂ ಕೂತು ಬರೆದಿದ್ದರೆ ಎರಡು ರಾತ್ರಿಯಾದರೂ ನಿದ್ದೆ ಬರುತ್ತಿತ್ತು.

ನಾನು ಬೈಕಿನಿಂದ ಬಿದ್ದಿದ್ದು. ಎಡಗಡೆ ಬೆನ್ನಿನ ಮೇಲ್ಭಾಗ ನೇರವಾಗಿ ರಸ್ತೆ ಅಂಚಿನ ಕಲ್ಲಿಗೆ ಹೊಡೆಯಿತು. ಹೆಲ್ಮೆಟ್ ಇತ್ತು, ತಲೆ ಉಳಿಯಿತು. ಉಸಿರು ಎಳೆದರೆ ಚುಚ್ಚುತ್ತಿತ್ತು, ಎಡಗೈ ಸ್ವಲ್ಪವೂ ಮೇಲೆ ಏಳುತ್ತಿರಲಿಲ್ಲ.

ಮೊದಲು ಹೋದ ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಎಮರ್ಜೆನ್ಸಿಯಲ್ಲಿ ಚುರುಕಾಗಿ ನೋಡಿದರು, ಅದನ್ನು ಒಪ್ಪಲೇಬೇಕು. ಎದೆಯ ಎಕ್ಸ್‌ರೇ ತೆಗೆದು, ಎರಡು ಪಕ್ಕೆಲುಬು ಬಿರುಕು ಬಿಟ್ಟಿದೆ, ತಾನಾಗಿ ಕೂಡುತ್ತದೆ ಎಂದು ನೋವಿನ ಮಾತ್ರೆ ಕೊಟ್ಟು ಮನೆಗೆ ಕಳಿಸಿದರು. ಭುಜದ ಹಿಂದೆ ನೋವು ಜಾಸ್ತಿ ಇದೆ ಎಂದು ನಾನು ಮೂರು ಸಲ ಹೇಳಿದೆ. ಊತ ಇರಬಹುದು ಎಂದರು. ಯಾರೂ ಅಂಗಿ ತೆಗೆಸಿ ಬೆನ್ನು ಮುಟ್ಟಿ ನೋಡಲಿಲ್ಲ. ಮೂರನೇ ದಿನ ಬೆನ್ನೆಲ್ಲ ನೀಲಿಗಟ್ಟಿ, ಕೈ ಇನ್ನೂ ಏಳದೆ ವಾಪಸ್ ಹೋದಾಗ ಭುಜದ ಎಕ್ಸ್‌ರೇ ತೆಗೆದರು, ಆಗ ಭುಜದ ಹಲಗೆ ಮುರಿದಿರುವುದು ಗೊತ್ತಾಯಿತು. ಎದೆಯ ಎಕ್ಸ್‌ರೇಯಲ್ಲಿ ಈ ಮೂಳೆ ಪಕ್ಕೆಲುಬು, ಶ್ವಾಸಕೋಶಗಳ ನೆರಳಿನ ಜೊತೆ ಕಲಸಿಹೋಗುತ್ತದೆ, ಕಣ್ಣಿಗೆ ಬೀಳದೆ ಹೋಗುವುದು ಹೊಸದೇನಲ್ಲ ಎಂದು ಆಮೇಲೆ ತಿಳಿಯಿತು. ಫಿಲಂ ತಪ್ಪಿಸಬಹುದು, ಸರಿ. ಆದರೆ ಬೆರಳಿಟ್ಟು ಒತ್ತಿದ್ದರೆ ನಾನೇ ಕಿರುಚಿ ತೋರಿಸುತ್ತಿದ್ದೆ ಅಲ್ವಾ?

ಅದೇ ಸಂಜೆ ಅಲ್ಲಿನ ಮೂಳೆ ಡಾಕ್ಟರ್ ಬಂದರು. ಫಿಲಂ ಎತ್ತಿ ಹಿಡಿದು ಅರ್ಧ ನಿಮಿಷ ನೋಡಿ, ಪ್ಲೇಟ್ ಹಾಕಬೇಕು, ನಾಳೆ ಅಡ್ಮಿಟ್ ಆಗಿ ಎಂದರು. ಯಾಕೆ ಸರ್ ಎಂದು ಕೇಳಿದೆ. "ಮುರಿದಿದೆಯಲ್ಲ, ಕೂಡಿಸಬೇಕಲ್ಲ" ಎಂದರು. ಸಿ.ಟಿ. ಸ್ಕ್ಯಾನ್ ಮಾಡಿರಲಿಲ್ಲ. ಯಾವ ಭಾಗ ಮುರಿದಿದೆ, ಎಷ್ಟು ಸರಿದಿದೆ, ಸುಮ್ನೆ ಬಿಟ್ಟರೆ ಏನಾಗುತ್ತದೆ, ಒಂದನ್ನೂ ಹೇಳಲಿಲ್ಲ. ಆ ಉತ್ತರ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಅಣ್ಣನಿಗೆ ಫೋನ್ ಮಾಡಿದೆ, ಇನ್ನೊಬ್ಬರ ಹತ್ತಿರ ತೋರಿಸೋಣ, ಒಂದು ದಿನದಲ್ಲಿ ಏನೂ ಆಗುವುದಿಲ್ಲ ಎಂದ. ಈ ಆಸ್ಪತ್ರೆಗೆ ಐದರಲ್ಲಿ ಒಂದೂವರೆ. ಆ ಒಂದೂವರೆಯೂ ಮೊದಲ ದಿನ ಓಡಿ ಬಂದ ನರ್ಸ್‌ಗಳಿಗೆ.

ಎರಡನೇ ಆಸ್ಪತ್ರೆಯಲ್ಲಿ ಭುಜದ ಕೆಲಸವನ್ನೇ ಜಾಸ್ತಿ ಮಾಡುವ ಡಾಕ್ಟರ್ ಇದ್ದರು. ಅಲ್ಲಿ ಮೂರು ಗಂಟೆ ಕಾದೆವು, ಪಕ್ಕೆ ನೋವಿನಲ್ಲಿ ಗಟ್ಟಿ ಕುರ್ಚಿಯ ಮೇಲೆ ಮೂರು ಗಂಟೆ. ಆದರೆ ಒಳಗೆ ಹೋದ ಮೇಲೆ ನಲವತ್ತು ನಿಮಿಷ ಕೊಟ್ಟರು. ಅವರು ಮೊದಲು ಕೇಳಿದ್ದು ಭುಜದ ಬಗ್ಗೆ ಅಲ್ಲ, ಉಸಿರಾಟದ ಬಗ್ಗೆ. ಎದೆಗೆ ಸ್ಟೆತಸ್ಕೋಪ್ ಇಟ್ಟರು, ಮಣಿಕಟ್ಟಿನ ನಾಡಿ ಹಿಡಿದರು, ಒಂದೊಂದೇ ಬೆರಳು ಅಗಲಿಸಿ ಮಡಿಸಿ ಎಂದರು, ತೋಳಿನ ಹೊರಬದಿಯ ಚರ್ಮವನ್ನು ಹತ್ತಿಯಿಂದ ಸವರಿ ಗೊತ್ತಾಗುತ್ತಾ ಎಂದು ಕೇಳಿದರು. ಯಾಕೆ ಎಂದು ಅವರೇ ವಿವರಿಸಿದರು. ಭುಜದ ಹಲಗೆ ಅಷ್ಟು ಸುಲಭಕ್ಕೆ ಮುರಿಯುವ ಮೂಳೆಯಲ್ಲ. ಮುರಿಯುವ ಮೂಳೆಗಳಲ್ಲೆಲ್ಲ ಇದರ ಪಾಲು ಸುಮಾರು ಶೇಕಡ 1, ಅಷ್ಟೂ ಇಲ್ಲ ಎನ್ನುವವರೂ ಇದ್ದಾರೆ. ಮುಂದೆ ಹಿಂದೆ ಮಾಂಸದ ಹಾಸಿಗೆ, 17 ಸ್ನಾಯುಗಳು ಇದಕ್ಕೆ ಅಂಟಿಕೊಂಡಿವೆ. ಅಂಥ ಮೂಳೆ ಮುರಿದಿದೆ ಎಂದರೆ ಏಟು ದೊಡ್ಡದು. ಹಾಗಾಗಿ ಪಕ್ಕೆಲುಬು, ಶ್ವಾಸಕೋಶ, ಕಾಲರ್ ಬೋನ್, ತಲೆ, ಕೈಗೆ ಹೋಗುವ ನರದ ಗೊಂಚಲು, ಇವುಗಳಲ್ಲಿ ಏನಾದರೂ ಒಂದಕ್ಕೆ ಪೆಟ್ಟಾಗಿರುವುದೇ ಹೆಚ್ಚು. ಮೊದಲು ಅದನ್ನು ನೋಡಬೇಕು, ಹಲಗೆ ಆಮೇಲೆ. ಇದನ್ನು ಓದುವವರಲ್ಲಿ ಯಾರಿಗಾದರೂ ಹೊಸದಾಗಿ ಏಟು ಬಿದ್ದಿದ್ದರೆ ಒಂದು ಮಾತು ನೆನಪಿಡಿ: ಉಸಿರು ಕಟ್ಟುವ ಹಾಗಾದರೆ, ಬೆರಳು ಜೋಮು ಹಿಡಿದರೆ, ಕೈ ತಣ್ಣಗಾದರೆ ಮರುದಿನದವರೆಗೆ ಕಾಯಬೇಡಿ.

ಆಮೇಲೆ ಸಿ.ಟಿ. ಸ್ಕ್ಯಾನ್. ಅದರಿಂದ ಕಂಪ್ಯೂಟರ್‌ನಲ್ಲಿ ಮೂಳೆಯ ಪೂರ್ತಿ ರೂಪ ಕಟ್ಟಿ, ತಿರುಗಿಸಿ ತಿರುಗಿಸಿ ತೋರಿಸಿದರು. ನನ್ನ ಮೂಳೆಯನ್ನು ನಾನು ನೋಡಿದ್ದು ಅದೇ ಮೊದಲು. ತ್ರಿಕೋನದ ಒಂದು ತೆಳು ಹಲಗೆ, ನಡುವೆ ಕಾಗದದ ಹಾಗೆ ತೆಳು, ಅಂಚಿನಲ್ಲಿ ಮಾತ್ರ ದಪ್ಪ. ಹೊರಮೂಲೆಯಲ್ಲಿ ಆಳವಿಲ್ಲದ ಒಂದು ಬಟ್ಟಲು, ತೋಳಿನ ಮೂಳೆಯ ಗುಂಡು ಕೂರುವುದು ಅದರಲ್ಲೇ. ಬಟ್ಟಲಿಗೂ ಹಲಗೆಗೂ ನಡುವೆ ಒಂದು ಕುತ್ತಿಗೆ. ಮೇಲೆ ಭುಜದ ತುದಿಯಾಗಿ ಚಾಚಿಕೊಂಡಿರುವ ಒಂದು ಭಾಗ, ಮುಂದೆ ಕೊಕ್ಕಿನ ಹಾಗೆ ಬಾಗಿದ ಇನ್ನೊಂದು. ಇವುಗಳಲ್ಲಿ ಯಾವುದು ಮುರಿದಿದೆ ಎನ್ನುವುದೇ ಎಲ್ಲವನ್ನೂ ತೀರ್ಮಾನ ಮಾಡುವುದು. ನನಗೆ ಮುರಿದಿದ್ದು ಹಲಗೆಯ ಮೈ, ಅಂದರೆ ಎಲ್ಲರಿಗೂ ಸಾಮಾನ್ಯವಾಗಿ ಮುರಿಯುವ ಜಾಗ. ಮೂರು ತುಂಡಾಗಿ ಒಂದರ ಮೇಲೊಂದು ಸ್ವಲ್ಪ ಏರಿತ್ತು. ಬಟ್ಟಲಿಗೆ ಗೆರೆ ಕೂಡ ಬಿದ್ದಿರಲಿಲ್ಲ.

ಆಪರೇಷನ್ ಬೇಡ ಎಂದಾಗ ನನಗೆ ಹೆದರಿಕೆಯೇ ಆಯಿತು. ಮೂರು ತುಂಡಾದ ಮೂಳೆಯನ್ನು ಹಾಗೇ ಬಿಡುವುದು ಹೇಗೆ? ಅದಕ್ಕೆ ಅವರು ಹೇಳಿದ್ದು ಇಷ್ಟು. ಎರಡೂ ಬದಿಯ ಮಾಂಸವೇ ತುಂಡುಗಳನ್ನು ಹಿಡಿದುಕೊಂಡಿರುತ್ತದೆ, ರಕ್ತ ಚೆನ್ನಾಗಿ ಹರಿಯುವ ಜಾಗವಾದ್ದರಿಂದ ಕೂಡದೆ ಉಳಿಯುವುದು ತೀರಾ ಅಪರೂಪ. ಸ್ವಲ್ಪ ಸೊಟ್ಟಗೆ ಕೂಡಿದರೂ ಈ ಹಲಗೆ ಪಕ್ಕೆಲುಬಿನ ಗೂಡಿನ ಮೇಲೆ ಜಾರಿಕೊಂಡು ಓಡಾಡುವಂಥದ್ದು, ಕಾಲಿನ ಮೂಳೆಯ ಹಾಗೆ ಮೈಭಾರ ಹೊರುವುದಿಲ್ಲ, ಹಾಗಾಗಿ ಆ ಸೊಟ್ಟ ದಿನದ ಕೆಲಸಕ್ಕೆ ಅಡ್ಡ ಬರುವುದಿಲ್ಲ. ಭುಜದ ಹಲಗೆ ಮುರಿದವರಲ್ಲಿ ಹೆಚ್ಚಿನವರಿಗೆ ಸ್ಲಿಂಗ್ ಮತ್ತು ವ್ಯಾಯಾಮವೇ ಚಿಕಿತ್ಸೆ.

ಹಾಗಾದರೆ ಆಪರೇಷನ್ ಯಾರಿಗೆ ಎಂದು ಅಣ್ಣ ಕೇಳಿದ. ಒಂದು ಕಾಗದ ತೆಗೆದು ಬರೆದು ತೋರಿಸಿದರು, ಆ ಕಾಗದ ಇನ್ನೂ ನನ್ನ ಫೈಲಿನಲ್ಲಿದೆ. ಬಟ್ಟಲು ಒಡೆದು, ನುಣುಪಾಗಿರಬೇಕಾದ ಕಡೆ ಸುಮಾರು 4 ಮಿಲಿಮೀಟರ್‌ಗಿಂತ ಜಾಸ್ತಿ ಮೆಟ್ಟಿಲಾಗಿದ್ದರೆ. ಬಟ್ಟಲಿನ ಕಾಲು ಭಾಗದಷ್ಟು ಚೂರು ಕಿತ್ತುಬಂದು ಗುಂಡು ಜಾರುತ್ತಿದ್ದರೆ. ಹಲಗೆಯ ಕುತ್ತಿಗೆ 40 ಡಿಗ್ರಿಗಿಂತ ಜಾಸ್ತಿ ವಾಲಿದ್ದರೆ, ಅಥವಾ ತುಂಡುಗಳು 2 ಸೆಂಟಿಮೀಟರ್‌ನಷ್ಟು ಪಕ್ಕಕ್ಕೆ ಸರಿದಿದ್ದರೆ. ಬಟ್ಟಲು ಹಲಗೆಗೆ ಎಷ್ಟು ಓರೆಯಾಗಿ ಕೂತಿದೆ ಎಂದು ಅಳೆಯುವ ಒಂದು ಕೋನವಿದೆ, ಗ್ಲೀನೋಪೋಲಾರ್ ಆಂಗಲ್ ಎನ್ನುತ್ತಾರೆ, ಸಾಮಾನ್ಯವಾಗಿ 30ರಿಂದ 45 ಡಿಗ್ರಿ ಇರುತ್ತದೆ, ಅದು 20ರ ಆಸುಪಾಸಿಗೆ ಇಳಿದರೆ ಯೋಚನೆ ಮಾಡಬೇಕು. ನನ್ನದು 35 ಇತ್ತು. ಹಲಗೆಯ ಕುತ್ತಿಗೆ, ಕಾಲರ್ ಬೋನ್ ಎರಡೂ ಮುರಿದು ಭುಜ ನೇತಾಡುವ ಹಾಗಾಗಿದ್ದರೆ ಅದನ್ನು ಫ್ಲೋಟಿಂಗ್ ಶೋಲ್ಡರ್ ಎನ್ನುತ್ತಾರೆ, ಅದೂ ಎಷ್ಟು ಸರಿದಿದೆ ಎನ್ನುವುದರ ಮೇಲೆ. ಮೂಳೆ ಚರ್ಮ ಸೀಳಿಕೊಂಡು ಬಂದಿದ್ದರಂತೂ ಥಿಯೇಟರ್‌ಗೆ ಹೋಗಲೇಬೇಕು. ಈ ಅಂಕಿಗಳನ್ನು ಎಲ್ಲ ಸರ್ಜನ್‌ಗಳೂ ಒಂದೇ ಥರ ಒಪ್ಪುವುದಿಲ್ಲ, ಒಬ್ಬೊಬ್ಬರು ಗೆರೆಯನ್ನು ಸ್ವಲ್ಪ ಆಚೆ ಈಚೆ ಎಳೆಯುತ್ತಾರೆ, ವಯಸ್ಸು, ಯಾವ ಕೈ, ಏನು ಕೆಲಸ ಎನ್ನುವುದನ್ನೂ ನೋಡುತ್ತಾರೆ ಎಂದು ಅವರೇ ಹೇಳಿದರು. ಅದನ್ನು ಮುಚ್ಚಿಡದೆ ಹೇಳಿದ್ದೇ ನನಗೆ ಅವರ ಮೇಲೆ ನಂಬಿಕೆ ಬರಲು ಕಾರಣ.

ಇನ್ನೊಂದು ವಿಷಯ, ಇದು ತುಂಬಾ ಮುಖ್ಯ. ಆಪರೇಷನ್ ಬೇಡ ಎಂದು ಹೇಳಿ ಅವರು ಕೈ ತೊಳೆದುಕೊಳ್ಳಲಿಲ್ಲ. ಮೊದಲ ಮೂರು ವಾರ ಪ್ರತಿ ವಾರ ಬಂದು ಎಕ್ಸ್‌ರೇ ತೆಗೆಸಬೇಕು ಎಂದರು. ತುಂಡುಗಳು ಈ ವಾರಗಳಲ್ಲಿ ಮತ್ತಷ್ಟು ಸರಿಯಬಹುದು, ಸರಿದರೆ ಅಷ್ಟರೊಳಗೆ ಆಪರೇಷನ್ ಮಾಡಿಬಿಡಬಹುದು, ಮೂರು ವಾರ ದಾಟಿದರೆ ಹೊಸ ಮೂಳೆ ಗಟ್ಟಿಯಾಗಿ ಅದೇ ಕೆಲಸ ಕಷ್ಟವಾಗುತ್ತದೆ. ಬೇಡ ಎಂದು ಮನೆಗೆ ಕಳಿಸಿ ಆರು ವಾರ ಬಿಟ್ಟು ಬನ್ನಿ ಎನ್ನುವವರು ಸಿಕ್ಕರೆ, ಅಷ್ಟರಲ್ಲಿ ತುಂಡು ಸರಿದರೆ ಏನು ಮಾಡುತ್ತೀರಿ ಎಂದು ಕೇಳಿ. ನನ್ನದು ಎರಡನೇ ವಾರ ಒಂದೆರಡು ಮಿಲಿಮೀಟರ್ ಸರಿದಿತ್ತು, ಮೂರನೇ ವಾರ ಹಾಗೇ ನಿಂತಿತ್ತು.

ಈಗ ಸ್ಲಿಂಗ್. ಎಲ್ಲರೂ ಇದನ್ನು ಒಂದು ಬಟ್ಟೆ ತುಂಡು ಎಂದುಕೊಳ್ಳುತ್ತಾರೆ, ಇಪ್ಪತ್ತು ದಿನ ಹಗಲು ರಾತ್ರಿ ಹಾಕಿಕೊಂಡವರಿಗೆ ಗೊತ್ತು. ನನಗೆ ಕೊಟ್ಟಿದ್ದು ಮೊಣಕೈ ಕೂರುವ ಚೀಲದ ಥರದ್ದು, ಕತ್ತಿನ ಸುತ್ತ ಪಟ್ಟಿ, ಅಂಟಿಸುವ ವೆಲ್ಕ್ರೋ. ಒಳ್ಳೆಯದೆಂದರೆ ಚೀಲ ಆಳವಾಗಿದೆ, ಮೊಣಕೈ ಹಿಂದಿನಿಂದ ಜಾರುವುದಿಲ್ಲ, ಹೆಬ್ಬೆರಳು ಸಿಕ್ಕಿಸಲು ಒಂದು ಕುಣಿಕೆಯೂ ಇದೆ. ಕೆಟ್ಟದ್ದು ಕತ್ತಿನ ಪಟ್ಟಿ. ಎರಡನೇ ದಿನಕ್ಕೇ ಕತ್ತು ಕೆಂಪಾಯಿತು, ತೋಳಿನ ಭಾರವೆಲ್ಲ ಒಂದು ನರದ ಮೇಲೆ ಕೂತ ಹಾಗೆ. ಹಳೆಯ ಮೆತ್ತನೆಯ ಟವೆಲ್ಲನ್ನು ಸುರುಳಿ ಸುತ್ತಿ ಪಟ್ಟಿಯ ಕೆಳಗೆ ಹಾಕಿದ ಮೇಲೆ ತಡೆಯುವ ಹಾಗಾಯಿತು. ಅಂಗೈ ಮೊಣಕೈಗಿಂತ ಒಂದಿಷ್ಟು ಮೇಲೆ ಇರುವ ಹಾಗೆ ಪಟ್ಟಿ ಬಿಗಿ ಮಾಡಿ, ಕೆಳಗೆ ಬಿದ್ದರೆ ಸಂಜೆಗೆ ಬೆರಳೆಲ್ಲ ಊದಿಕೊಳ್ಳುತ್ತವೆ. ಕಂಕುಳಿನ ಬೆವರು ದೊಡ್ಡ ತೊಂದರೆ. ಮುಂದಕ್ಕೆ ಬಾಗಿ ಕೈಯನ್ನು ಸಡಿಲವಾಗಿ ಇಳಿಬಿಟ್ಟರೆ ಕಂಕುಳು ತಾನಾಗಿ ತೆರೆದುಕೊಳ್ಳುತ್ತದೆ, ಆಗ ಒರೆಸಿ ಒಣಗಿಸಬಹುದು. ಇದನ್ನು ಮೊದಲ ವಾರವೇ ಯಾರೂ ಹೇಳಿಕೊಡಲಿಲ್ಲ ಎನ್ನುವುದು ನನ್ನ ದೂರು. ಸಾಧ್ಯವಾದರೆ ಎರಡು ಸ್ಲಿಂಗ್ ಇಟ್ಟುಕೊಳ್ಳಿ, ಒಂದು ಒಗೆದು ಒಣಗುವಾಗ ಇನ್ನೊಂದು. ಐದಕ್ಕೆ ಮೂರು.

ರಾತ್ರಿ ಮಲಗುವುದು ಎಲ್ಲಕ್ಕಿಂತ ಕಷ್ಟ. ಅಂಗಾತ ಮಲಗಿದರೆ ಮುರಿದ ಜಾಗವೇ ಹಾಸಿಗೆಗೆ ಒತ್ತುತ್ತದೆ, ಮಗ್ಗುಲಾದರೆ ಪಕ್ಕೆಲುಬು ಬಿಡುವುದಿಲ್ಲ. ದಿಂಬುಗಳನ್ನು ಪೇರಿಸಿ ಅರ್ಧ ಕೂತ ಹಾಗೆ, ಮೇಲ್ದೋಳಿನ ಹಿಂದೆ ಒಂದು ಚಿಕ್ಕ ದಿಂಬು ಕೊಟ್ಟು ಎರಡು ವಾರ ಮಲಗಿದೆ. ಅಂಗಿ ಹಾಕುವಾಗ ಏಟು ಬಿದ್ದ ಕೈ ಮೊದಲು, ತೆಗೆಯುವಾಗ ಅದೇ ಕೊನೆಗೆ. ಮುಂದೆ ಗುಂಡಿ ಇರುವ ಸಡಿಲ ಅಂಗಿ ಬಿಟ್ಟು ಬೇರೆ ಏನೂ ಆಗುವುದಿಲ್ಲ. ಪಕ್ಕೆಲುಬಿನ ನೋವಿಗೆ ಹೆದರಿ ಮೇಲುಸಿರು ಬಿಡುತ್ತಿದ್ದರೆ ಕಫ ಕಟ್ಟಿ ಶ್ವಾಸಕೋಶಕ್ಕೆ ಸೋಂಕು ಬರಬಹುದು ಎಂದು ಮೂರು ಚೆಂಡಿರುವ ಆ ಪ್ಲಾಸ್ಟಿಕ್ ಉಸಿರಾಟದ ಸಾಧನ ಕೊಟ್ಟಿದ್ದರು. ಮೊದಲ ದಿನ ಒಂದು ಚೆಂಡು ಕೂಡ ಏಳಲಿಲ್ಲ. ಹನ್ನೆರಡನೇ ದಿನ ಮೂರೂ ಎದ್ದಾಗ ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಫಿಸಿಯೋ ಬಗ್ಗೆ ಉದ್ದ ಬರೆಯುತ್ತೇನೆ, ಕೈ ವಾಪಸ್ ಬಂದಿದ್ದು ಅಲ್ಲಿಂದಲೇ. ಮೂಳೆ ತಾನಾಗಿ ಕೂಡುತ್ತದೆ, ಕೀಲು ತಾನಾಗಿ ಸಡಿಲವಾಗುವುದಿಲ್ಲ. ಭುಜವನ್ನು ಕಟ್ಟಿ ಇಟ್ಟಷ್ಟೂ ಅದು ಬಿಗಿಯಾಗುತ್ತದೆ. ಅದಕ್ಕೇ ಮೊದಲ ದಿನದಿಂದಲೇ ಬೆರಳು, ಮಣಿಕಟ್ಟು, ಮೊಣಕೈ ಆಡಿಸಿ ಎಂದಿದ್ದರು. ಹತ್ತನೇ ದಿನ ಫಿಸಿಯೋ ಮೇಡಂ ಹತ್ತಿರ ಹೋದೆ. ಮೇಜಿಗೆ ಒಳ್ಳೆಯ ಕೈ ಊರಿ, ಮುಂದಕ್ಕೆ ಬಾಗಿ, ಏಟಾದ ಕೈಯನ್ನು ಗಡಿಯಾರದ ಲೋಲಕದ ಹಾಗೆ ಇಳಿಬಿಟ್ಟು ಮೈ ತೂಗಿಸುವುದು. ಕೈಗೆ ಕೆಲಸವಿಲ್ಲ, ಮೈ ತೂಗಿದರೆ ಅದು ತೂಗುತ್ತದೆ. ನೋಡಲು ಏನೂ ಅಲ್ಲ ಅನಿಸುತ್ತದೆ, ಮೊದಲ ದಿನ ನನಗೆ ಬೆವರು ಇಳಿಯಿತು. ಮೇಡಂ ಅವಸರ ಮಾಡಲಿಲ್ಲ. ಮಾಡಿದ ಮೇಲೆ ನೋವು ಅರ್ಧ ಗಂಟೆಯಲ್ಲಿ ಇಳಿದರೆ ಸರಿ, ರಾತ್ರಿಯೆಲ್ಲ ಉಳಿದರೆ ನಾಳೆ ಕಡಿಮೆ ಮಾಡಿ ಎನ್ನುವುದು ಅವರ ಅಳತೆ.

ಮೂರನೇ ವಾರ ಸ್ಲಿಂಗ್ ಹಗಲು ತೆಗೆದರು. ಆಮೇಲೆ ಕೋಲು ಹಿಡಿದು ಒಳ್ಳೆಯ ಕೈಯಿಂದ ಈ ಕೈಯನ್ನು ತಳ್ಳಿಸುವುದು, ಬಾಗಿಲಿಗೆ ಕಟ್ಟಿದ ರಾಟೆಯ ಹಗ್ಗ ಎಳೆಯುವುದು, ಗೋಡೆಯ ಮೇಲೆ ಬೆರಳುಗಳನ್ನು ಇರುವೆಯ ಹಾಗೆ ಹತ್ತಿಸುವುದು. ಗೋಡೆಯಲ್ಲಿ ನಾನು ಮುಟ್ಟಿದ ಕಡೆ ಪ್ರತಿ ಸಲ ಪೆನ್ಸಿಲ್ ಗುರುತು ಹಾಕುತ್ತಿದ್ದರು. ಮೂರನೇ ವಾರ ಕೈ 70 ಡಿಗ್ರಿ ಏಳುತ್ತಿತ್ತು, ಏಳನೇ ವಾರ 120. ಅಲ್ಲಿ ಬಂದು ನಿಂತುಬಿಟ್ಟಿತು. ಎರಡು ವಾರ ಗುರುತು ಒಂದು ಬೆರಳಷ್ಟೂ ಮೇಲೆ ಹೋಗಲಿಲ್ಲ. ಆ ದಿನಗಳಲ್ಲಿ ಆಪರೇಷನ್ ಮಾಡಿಸಿದ್ದರೇ ಚೆನ್ನಾಗಿತ್ತೇನೋ ಎಂದು ಅನ್ನಿಸಿದ್ದು ನಿಜ. ಮೇಡಂ ನನ್ನ ಬೆನ್ನ ಹಿಂದೆ ನಿಂತು ನೋಡಿ, ಕೈ ಎತ್ತುವಾಗ ಹಲಗೆ ಜೊತೆಗೆ ಸರಿಯಾಗಿ ತಿರುಗುತ್ತಿಲ್ಲ, ನೀವು ಭುಜವನ್ನು ಕಿವಿಯ ಹತ್ತಿರ ಎಳೆದುಕೊಂಡು ಮೋಸದಿಂದ ಎತ್ತುತ್ತಿದ್ದೀರಿ ಎಂದರು. ಕನ್ನಡಿಯ ಮುಂದೆ ನಿಲ್ಲಿಸಿ, ಎರಡು ಹಲಗೆಗಳನ್ನೂ ಹಿಂದಕ್ಕೆ ಕೆಳಕ್ಕೆ ಎಳೆದು ಹಿಡಿಯುವುದನ್ನು ಮತ್ತೆ ಮೊದಲಿನಿಂದ ಕಲಿಸಿದರು. ಎಂಟನೇ ವಾರ ರಬ್ಬರ್ ಪಟ್ಟಿ ಶುರುವಾಯಿತು. ಹದಿನಾಲ್ಕನೇ ವಾರ 160.

ಅಲ್ಲೇ ಪರಿಚಯವಾಗಿದ್ದು ಆ ಇನ್ನೊಬ್ಬರು. ಎತ್ತರದಿಂದ ಬಿದ್ದು ಬಟ್ಟಲೇ ಎರಡು ಹೋಳಾಗಿತ್ತು. ಗುಂಡು ತಿರುಗುವ ಜಾಗದಲ್ಲೇ ಮೆಟ್ಟಿಲಾದರೆ ಮುಂದೆ ಕೀಲು ಸವೆದು ಸಂಧಿವಾತ ಬರುತ್ತದೆ, ಹಾಗಾಗಿ ಒಂಬತ್ತನೇ ದಿನ ಆಪರೇಷನ್ ಮಾಡಿದ್ದರು. ಬೆನ್ನಿನ ಕಡೆಯಿಂದ, ಜುಡೆ ಎಂಬ ಫ್ರೆಂಚ್ ಸರ್ಜನ್ ಹೆಸರಿನಲ್ಲಿ ಕರೆಯುವ ದಾರಿಯಲ್ಲಿ ಬಿಡಿಸಿ ಎರಡು ಪ್ಲೇಟ್ ಕೂರಿಸಿದ್ದರು. ಗಾಯದ ಗುರುತು ಬಾಗಿದ ಕೋಲಿನ ಹಾಗೆ, ಹಲಗೆಯ ಮೇಲಂಚಿನ ಏಣಿನ ಉದ್ದಕ್ಕೂ ಬಂದು ಬೆನ್ನುಮೂಳೆಯ ಕಡೆಯ ಅಂಚಿನಲ್ಲಿ ಕೆಳಗೆ ಇಳಿದಿತ್ತು. ಅವರಿಗೆ ಮರುದಿನವೇ ಕೈ ಆಡಿಸಲು ಶುರು ಮಾಡಿದ್ದರು, ಪ್ಲೇಟ್ ಹಿಡಿದುಕೊಂಡಿರುವುದರಿಂದ ಕಾಯುವ ಕೆಲಸವಿಲ್ಲ. ನಾನು ಹತ್ತನೇ ದಿನ ಮಾಡಿದ್ದನ್ನು ಅವರು ಎರಡನೇ ದಿನ ಮಾಡಿದರು, ಅದು ನಿಜವಾದ ಲಾಭ. ಆದರೆ ಸುಮ್ನೆ ಬಂದ ಲಾಭವಲ್ಲ. ಬೆನ್ನಿನ ಸ್ನಾಯು ಎತ್ತಿ ಕೆಲಸ ಮಾಡಿದ್ದರಿಂದ ಕೈಯನ್ನು ಹೊರಕ್ಕೆ ತಿರುಗಿಸುವ ಶಕ್ತಿ ಎಷ್ಟೋ ವಾರ ಬರಲೇ ಇಲ್ಲ. ಆ ದಾರಿಯಲ್ಲಿ ಹಲಗೆಯ ಮೇಲಂಚಿನಿಂದ ಬರುವ ಒಂದು ನರವಿದೆ, ಎಳೆದಾಡಿದರೆ ಅದಕ್ಕೆ ಪೆಟ್ಟಾಗಬಹುದು, ಅವರಿಗೆ ಆ ಹೆದರಿಕೆ ಮೂರು ತಿಂಗಳು ಇತ್ತು, ಆಮೇಲೆ ಶಕ್ತಿ ಬಂತು. ಗಾಯದ ಸುತ್ತ ಚರ್ಮ ಇನ್ನೂ ಮರಗಟ್ಟಿದ ಹಾಗಿದೆಯಂತೆ. ಸೋಂಕು, ಅನಸ್ತೇಷಿಯಾ, ಕೆಲವರಿಗೆ ಪ್ಲೇಟ್ ತೆಗೆಸಲು ಇನ್ನೊಂದು ಆಪರೇಷನ್, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಹದಿನಾಲ್ಕನೇ ವಾರ ಅವರ ಕೈ 150, ನನ್ನದು 160. ಇಬ್ಬರೂ ಒಂದೇ ಗೋಡೆಯ ಮೇಲೆ ಗುರುತು ಹಾಕಿಸಿಕೊಂಡವರು. ನನ್ನ ಮೂಳೆಗೆ ಅವರ ಚಿಕಿತ್ಸೆ ಮಾಡಿದ್ದರೆ ಬೇಡದ ಗಾಯ, ಅವರ ಬಟ್ಟಲಿಗೆ ನನ್ನ ಸ್ಲಿಂಗ್ ಮಾತ್ರ ಹಾಕಿದ್ದರೆ ಐದು ವರ್ಷದಲ್ಲಿ ನೋವಿನ ಕೀಲು.

ಎರಡನೇ ಆಸ್ಪತ್ರೆಗೆ ನಾಲ್ಕೂವರೆ, ಆ ಕಾಯುವ ಕುರ್ಚಿಗೆ ಅರ್ಧ ಕಳೆದಿದ್ದೇನೆ, ಮುರಿದ ಪಕ್ಕೆಯವರನ್ನು ಅಷ್ಟು ಹೊತ್ತು ಕೂರಿಸಬಾರದು. ಫಿಸಿಯೋಗೆ ಐದಕ್ಕೆ ಐದು. ಈಗ ಉಳಿದಿರುವುದು ಒಂದು ಸಣ್ಣ ಸದ್ದು, ಕೈ ಪೂರ್ತಿ ಎತ್ತಿ ಇಳಿಸುವಾಗ ಹಲಗೆಯ ಕೆಳಗೆ ಟಕ್ ಎನ್ನುತ್ತದೆ. ಸೊಟ್ಟ ಕೂಡಿದ ಅಂಚು ಪಕ್ಕೆಲುಬಿನ ಮೇಲೆ ಜಾರುವ ಸದ್ದು ಅದು, ನೋವಿಲ್ಲದಿದ್ದರೆ ಬಿಟ್ಟುಬಿಡಿ, ನೋವು ಶುರುವಾದರೆ ಬನ್ನಿ ಎಂದಿದ್ದಾರೆ ಡಾಕ್ಟರ್. ನೋವಿಲ್ಲ. ತಂಪು ಬೆಳಗಿನಲ್ಲಿ ಮಾತ್ರ ಒಂದಿಷ್ಟು ಬಿಗಿ ಅನಿಸುತ್ತದೆ, ಹತ್ತು ನಿಮಿಷ ರಾಟೆ ಎಳೆದರೆ ಬಿಡುತ್ತದೆ. ಸಿ.ಟಿ.ಯ ಸಿ.ಡಿ. ಮತ್ತು ಆ ಕಾಗದದ ಫೋಟೋ ನನ್ನ ಹತ್ತಿರ ಇದೆ. ನಿಮ್ಮ ರಿಪೋರ್ಟ್‌ನಲ್ಲಿ ಯಾವ ಭಾಗ, ಎಷ್ಟು ಮಿಲಿಮೀಟರ್, ಎಷ್ಟು ಡಿಗ್ರಿ ಎಂದು ಬರೆದಿಲ್ಲದಿದ್ದರೆ ಸಹಿ ಹಾಕುವ ಮುಂಚೆ ಕೇಳಿ ಬರೆಸಿಕೊಳ್ಳಿ. ಸ್ಲಿಂಗ್ ಕಟ್ಟುವುದು, ಮಲಗುವುದು, ಸ್ನಾನ, ಏನೇ ಸಂದೇಹ ಇದ್ದರೂ ಕೆಳಗೆ ಕೇಳಿ, ನನಗೆ ಗೊತ್ತಿದ್ದನ್ನು ಹೇಳುತ್ತೇನೆ.